ಮಂಗಳಗ್ರಹದವನಿಗೆ ಕೊಟ್ಟ ಹುಳಿಹಾಲು

ಉಲ್ಬೊಸಿನ್ ಅಂದರೆ ಕಜಾಕ್ ಭಾಷೆಯಲ್ಲಿ ‘ಗಂಡಾಗಲಿ’ ಅಂತ. ನಾಲ್ಕನೆಯದೂ ಹೆಣ್ಣಾಯಿತಲ್ಲ ಅನ್ನುವ ಬೇಸರದಲ್ಲಿ, ಮುಂದಿನದಾದರೂ ಗಂಡಾಗಲಿ ಎಂದು ಅಪ್ಪ ಇಟ್ಟ ಹೆಸರು. ಐದನೆಯದೂ ಹೆಣ್ಣೇ ಆಯಿತು. “ನನ್ನ ಹೆಸರೇ ನಡೀಲಿಲ್ಲ, ಇನ್ನು ನನ್ನ ಮಾತು ನಡೆಯುತ್ತಾ?” ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಆದರೆ ಆ ವರ್ಷ ಜುಲೈ ತಿಂಗಳಲ್ಲಿ ಅವಳಿಗೆ ನಗು ಅನ್ನುವುದೇ ಬರಲಿಲ್ಲ. ಒಂದು ಕಡೆ ಬಾವಿಯ ಮೋಟಾರು, ಇನ್ನೊಂದು ಕಡೆ ಮಂಗಳಗ್ರಹ, ಎರಡೂ ಸೇರಿ ಅವಳ ತಲೆ ತಿಂದುಬಿಟ್ಟಿದ್ದವು.

ಕಜಾಕ್ ಬಯಲಿನ ಆ ಊರಿಗೆ ಹದಿನಾಲ್ಕು ಮನೆ, ಎಪ್ಪತ್ತು ಒಂಟೆ, ಒಂದೇ ಬಾವಿ. ಗಂಡ ತೀರಿಕೊಂಡ ಮೇಲೆ ಮೋಟಾರಿನ ಉಸಾಬರಿ ಅವಳ ತಲೆಗೇ ಬಂದಿತ್ತು. ಗುದ್ದಿದರೆ ಓಡುತ್ತಿತ್ತು, ಬೈದರೆ ಓಡುತ್ತಿತ್ತು, ಕೆಲವು ದಿನ ಎರಡಕ್ಕೂ ಜಗ್ಗುತ್ತಿರಲಿಲ್ಲ. ಒಂದು ಬೆಲ್ಟು ಬೇಕೆಂದರೆ ಪಟ್ಟಣದಿಂದ ಬರಲು ಹದಿನೈದು ದಿನ.

ಊರಾಚೆ ದಿಬ್ಬದ ಮೇಲೆ ಮೂರು ಬಿಳಿ ಗುಮ್ಮಟ ಎದ್ದಿದ್ದವು. ಯಾವುದೋ ದೇಶದ ಶ್ರೀಮಂತರ ಕಂಪನಿ. ಸರ್ಕಾರದ ಹಂಗಿಲ್ಲದೆ ತಮ್ಮ ದುಡ್ಡಿನಲ್ಲೇ ಮಂಗಳಗ್ರಹದ ಮೇಲೆ ಊರು ಕಟ್ಟುತ್ತಾರಂತೆ. ಅದಕ್ಕೆ ಇದು ತಾಲೀಮು. ಎಂಟು ಜನ ಮುನ್ನೂರು ದಿನ ಒಳಗೇ ಇರಬೇಕು, ಹೊರಗೆ ಬಂದರೆ ಮೂಟೆಯಂಥ ಉಡುಪು ಹಾಕಿ, ತಲೆಗೆ ಗಾಜಿನ ಬುರುಡೆ ಸಿಕ್ಕಿಸಿಕೊಂಡೇ ಬರಬೇಕು. ಊರವರಿಗೂ ಒಂದು ಷರತ್ತಿತ್ತು. ಮುನ್ನೂರು ದಿನ ಯಾರೂ ಅವರ ಹತ್ತಿರ ಸುಳಿಯಬಾರದು, ಮಾತಾಡಿಸಬಾರದು. ಮಂಗಳದಲ್ಲಿ ಪಕ್ಕದೂರು ಎಲ್ಲಿಂದ ಬರಬೇಕು? ಷರತ್ತು ಪಾಲಿಸಿದರೆ ಕಂಪನಿಯವರೇ ಆಳವಾದ ಬೋರು ಕೊರೆಸಿ ಹೊಸ ಮೋಟಾರು ಕೂರಿಸಿಕೊಡುತ್ತಾರೆ. ಊರ ಪರವಾಗಿ ರುಜು ಹಾಕಿದವಳು ಉಲ್ಬೊಸಿನ್.

ಈ ಮಂಗಳದ ಮಾತಿನಲ್ಲಿ ಅವಳಿಗೆ ನಂಬಿಕೆ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ರಾಕೆಟ್ಟು ಹಾರಿಸುವ ಊರಿನಲ್ಲೇ ಸಂಸಾರ ಹೂಡಿದ್ದವಳು. ಗಂಡ ಬಾಯ್ಲರ್ ಮನೆಯಲ್ಲಿ ಬೆಸುಗೆ ಹಾಕುತ್ತಿದ್ದ. ಇಡೀ ಊರೇ ಸರ್ಕಾರದ್ದು. ನಲ್ಲಿ ತಿರುಗಿಸಿದರೆ ಬಿಸಿನೀರು, ಹಿಮ ಬೀಳುವ ಕಾಲದಲ್ಲೂ ಅಂಗಡಿಯಲ್ಲಿ ಕಿತ್ತಳೆ. ಆಮೇಲೆ ದೇಶವೇ ಒಡೆದು ಹೋಯಿತು. ಒಂದು ಚಳಿಗಾಲ ಊರಿಗೆ ಇಂಧನವೇ ಬರಲಿಲ್ಲ. ಪೈಪುಗಳು ಪಟಪಟ ಸಿಡಿದವು, ಸ್ನಾನದ ತೊಟ್ಟಿಯಲ್ಲಿ ಮಂಜುಗಡ್ಡೆ ಕಟ್ಟಿತು, ಜನ ಬಾಗಿಲುಗಳನ್ನೇ ಕಿತ್ತು ಸುಟ್ಟರು. ಅವಳು ಎರಡು ಮಕ್ಕಳನ್ನು ಒಂದೇ ಕೋಟಿನೊಳಗೆ ಸುತ್ತಿಕೊಂಡು ರೈಲು ಹತ್ತಿ ಗಂಡನ ಈ ಊರಿಗೆ ಬಂದಳು. “ರಾಕೆಟ್ಟು ಯಾವ ಮಹಾ, ಹಾರುತ್ತೆ. ಆಮೇಲೆ ವರ್ಷ ವರ್ಷ ಸೌದೆ ಕಳಿಸೋನು ಯಾರು?” ಎಂದು ಕೇಳುತ್ತಿದ್ದಳು. ಆದರೂ ಹೊಸ ಮೋಟಾರಿನ ಆಸೆಗೆ ಬಾಯಿ ಮುಚ್ಚಿಕೊಂಡು ಇನ್ನೂರ ಹನ್ನೊಂದು ದಿನ ಆ ದಿಬ್ಬದ ಕಡೆ ತಲೆ ಹಾಕಿರಲಿಲ್ಲ.

ಇನ್ನೂರ ಹನ್ನೆರಡನೆಯ ದಿನ, ಮಂಗಳವಾರ, ನಡು ಮಧ್ಯಾಹ್ನ. ಒಂಟೆಗಳೇ ನೆರಳು ಹುಡುಕುವ ಬಿಸಿಲು. ಮೂಟೆಯವನೊಬ್ಬ ಕಲ್ಲು ಆರಿಸುತ್ತಾ ಆರಿಸುತ್ತಾ ಅವಳ ಮನೆಯ ಎದುರಿನ ಬಯಲಿಗೇ ಬಂದ. ಬಂದವನು ಕೂತ. ಕೂತವನು ಏಳಲಿಲ್ಲ.

ಉಲ್ಬೊಸಿನ್ ಹೊಸಲಿನ ಮೇಲೆ ನಿಂತು ಹಲ್ಲು ಕಚ್ಚಿದಳು. ಆ ಸೀಮೆಯಲ್ಲಿ ಬಾಗಿಲಿಗೆ ಕಾಣುವಂತೆ ಒಬ್ಬ ಮನುಷ್ಯ ಕೂತು, ಏನನ್ನೂ ಬಾಯಿಗಿಡದೆ ಎದ್ದು ಹೋದರೆ ಆ ಮನೆಯ ಮಾನ ಹೋದಂತೆಯೇ. ಅವನು ಶತ್ರುವಾದರೂ ಅಷ್ಟೆ. ಮೊದಲು ಬಾಯಿಗೆ ಹಾಲು, ಆಮೇಲೆ ಜಗಳ.

“ಎದ್ದು ಹೋಗೋ ನನ್ನಪ್ಪಾ. ಬೇರೆ ಯಾರದಾದ್ರೂ ಮನೆ ಮುಂದೆ ಹೋಗಿ ಕೂತ್ಕೋ,” ಎಂದು ಗೊಣಗಿದಳು. ಅವನು ಪಕ್ಕಕ್ಕೆ ವಾಲಿದ.

ಹಾಳಾಗಿ ಹೋಗಲಿ ಎಂದು ಒಂಟೆಯ ಹುಳಿಹಾಲಿನ ಪಾತ್ರೆ, ಬಟ್ಟಲು ಎತ್ತಿಕೊಂಡು ಓಡಿದಳು. ಗಾಜಿನ ಬುರುಡೆಯೊಳಗೆ ಹಬೆ ಕಟ್ಟಿತ್ತು, ಮುಖ ಕಾಣುತ್ತಿರಲಿಲ್ಲ. ಕೊಕ್ಕೆ ಬಿಚ್ಚಿ ಎಳೆದು ತೆಗೆದಳು. ಬೇಯಿಸಿದ ಮಾಂಸದ ಬಣ್ಣಕ್ಕೆ ತಿರುಗಿದ್ದ ಮುಖ. ಮೂರು ಬಟ್ಟಲು ಕುಡಿದ ಮೇಲೆ ಅವನಿಗೆ ಮಾತು ಬಂತು. ಪೋಲೆಂಡಿನವನು, ಮಾರೆಕ್ ಅಂತ ಹೆಸರು, ಅರೆಬರೆ ರಷ್ಯನ್ ಬರುತ್ತಿತ್ತು.

“ಉಡುಪಿನ ಫ್ಯಾನು ನಿಂತೋಯ್ತು.”

“ಮತ್ತೆ ಬುರುಡೆ ತೆಗೆಯೋಕೆ ಏನಾಗಿತ್ತೋ ನಿಂಗೆ?”

“ತೆಗೆದ್ರೆ ನಾನು ಸತ್ತ ಲೆಕ್ಕ. ಮಂಗಳದಲ್ಲಿ ಹೊರಗೆ ಗಾಳಿ ಇಲ್ವಲ್ಲ.”

“ಲೆಕ್ಕಕ್ಕೆ ಸಾಯಬಾರದು ಅಂತ ನಿಜವಾಗಿ ಸಾಯೋಕೆ ಹೊರಟಿದ್ಯಾ? ನಿಮ್ಮಮ್ಮ ಏನು ತಿನ್ನಿಸಿ ಬೆಳೆಸಿದಳೋ!”

ಅವನು ತಲೆ ತಗ್ಗಿಸಿ ಬಟ್ಟಲು ಚಾಚಿದ, ಇನ್ನೊಂದು ಹಾಕು ಅಂತ.

ಮರುದಿನ ಬೆಳಗ್ಗೆ ಕಂಪನಿಯ ಮೇಲ್ವಿಚಾರಕ ದಾರ್ಖಾನ್ ಜೀಪಿನಲ್ಲಿ ಬಂದ. ಅಲ್ಮಾಟಿಯ ಹುಡುಗ, ಓದಿಕೊಂಡವನು. ಗುಮ್ಮಟದ ಕ್ಯಾಮೆರಾದಲ್ಲಿ ಎಲ್ಲ ಸೆರೆಯಾಗಿತ್ತು. ಉಲ್ಬೊಸಿನ್‌ಳ ಮೈದುನನೂ ಹಿಂದೆಯೇ ಓಡಿಬಂದ. ಗಂಡನ ತಮ್ಮಂದಿರ ಹೆಸರು ಹೇಳಬಾರದು ಅನ್ನುವುದು ಅಲ್ಲಿಯ ಪದ್ಧತಿ, ಅದಕ್ಕೇ ಮದುವೆಯಾದ ದಿನ ಅವನಿಗೆ ಅವಳು ‘ಚೆಲುವ’ ಎಂದು ಹೆಸರಿಟ್ಟಿದ್ದಳು. ಈಗ ಅರವತ್ತಮೂರು ವರ್ಷ, ತಲೆ ಬೋಳು, ಮುಂದಿನ ಎರಡು ಹಲ್ಲಿಲ್ಲ, ಈಗಲೂ ಚೆಲುವನೇ.

“ಅಪಾ, ಏನು ಮಾಡಿಬಿಟ್ರಿ ನೀವು!” ದಾರ್ಖಾನ್ ತಲೆ ಹಿಡಿದುಕೊಂಡ. ಹಿರಿಯ ಹೆಂಗಸರನ್ನು ಅಲ್ಲಿ ‘ಅಪಾ’ ಅಂತಲೇ ಕರೆಯುವುದು. “ಇನ್ನೂರ ಹನ್ನೆರಡು ದಿನ ನೀರುಪಾಲು! ಶುಕ್ರವಾರ ದುಡ್ಡು ಹಾಕಿದೋರು ನೋಡೋಕೆ ಬರ್ತಿದಾರೆ.”

“ಸಾಯ್ತಿದ್ದ, ತಮ್ಮಾ.”

“ಅತ್ತಿಗೆ, ಸಾಯೋರು ಸಾಯ್ಲಿ ಬಿಡು ಅನ್ನೋಕಾಗಲ್ಲ, ನಿಜ,” ಎಂದ ಚೆಲುವ. “ಆದ್ರೆ ನೀರು ಕೊಟ್ಟು ಕಳಿಸಬಾರದಿತ್ತಾ? ಕೂರಿಸಿಕೊಂಡು ನಾಲ್ಕು ಬಟ್ಟಲು ಹಾಲು! ನಂಗೆ ಯಾವತ್ತು ಎರಡನೇ ಬಟ್ಟಲು ಕೊಟ್ಟಿದೀಯಾ?”

“ನೀನು ಒಂದು ಸಲ ಮೂರ್ಛೆ ಹೋಗು, ಕೊಡ್ತೀನಿ.”

ದಾರ್ಖಾನ್ ಒಂದು ಕಾಗದ ಮುಂದಿಟ್ಟ. “ಒಂದು ದಾರಿ ಇದೆ. ಇದಕ್ಕೆ ರುಜು ಹಾಕಿ. ಫ್ಯಾನು ಸರಿಯಾಗೇ ಇತ್ತು, ಅವನು ಸುಧಾರಿಸಿಕೊಳ್ಳೋಕೆ ಕೂತಿದ್ದ, ನೀವು ತಿಳೀದೆ ಹೋಗಿ ಬುರುಡೆ ಕಿತ್ತಿರಿ ಅಂತ. ಮೇಲಿನವರು ಕ್ಷಮಿಸ್ತಾರೆ. ಬೋರು, ಮೋಟಾರು ಎರಡೂ ಬರುತ್ತೆ, ಅದು ನನ್ನ ಜವಾಬ್ದಾರಿ.”

“ಹಾಕು ಅತ್ತಿಗೆ,” ಚೆಲುವ ಪೆನ್ನನ್ನೇ ಕೈಗೆ ತುರುಕಿದ. “ದಡ್ಡಿ ಅಂತ ಬರೆದ್ರೆ ಬರೀಲಿ, ಊರಿಗೆಲ್ಲ ಗೊತ್ತಿರೋದೇ.”

ಉಲ್ಬೊಸಿನ್ ಪೆನ್ನು ಹಿಡಿದುಕೊಂಡೇ ಕೇಳಿದಳು. “ಅವನು ಮತ್ತೆ ಅದೇ ಉಡುಪು ಹಾಕ್ಕೊಂಡು ಹೊರಗೆ ಬರ್ತಾನಾ?”

“ನಾಳೆ ಬರ್ತಾನೆ. ಶುಕ್ರವಾರ ಅತಿಥಿಗಳ ಮುಂದೂ ಬರಬೇಕು.”

“ಫ್ಯಾನು?”

“ಹೊಸದು ಹಡಗಿನಲ್ಲಿದೆ. ಆರು ವಾರ ಆಗುತ್ತೆ.”

“ಆರು ವಾರ! ಈ ಭೂಮಿ ಮೇಲೇ ಆರು ವಾರ! ಅಲ್ಲಿಗೆ?”

“ಅದಕ್ಕೇ ಅಲ್ವಾ ಅಪಾ ತಾಲೀಮು? ತಪ್ಪುಗಳು ಇಲ್ಲೇ ಆಗಿಹೋಗ್ಲಿ ಅಂತ.”

“ಆದ ತಪ್ಪನ್ನ ಆಗಿಲ್ಲ ಅಂತ ಬರೆಸ್ಕೋತಿದೀಯಲ್ಲೋ! ಇನ್ನು ತಾಲೀಮು ಯಾವ ಸೌಭಾಗ್ಯಕ್ಕೆ?”

ದಾರ್ಖಾನನ ಮುಖ ಕೆಂಪಾಯಿತು. ಕೆಟ್ಟವನಲ್ಲ ಅವನು, ಸಾಕಾಗಿ ಹೋಗಿತ್ತು ಅವನಿಗೂ. “ದುಡ್ಡು ಹಾಕಿದೋರು ಹೆದರಿದ್ರೆ ನಾಳೆಯೇ ಎಲ್ಲಾ ಮುಚ್ಚಿಹೋಗುತ್ತೆ, ಅಪಾ. ಅವರ ದುಡ್ಡಿನ ಮೇಲೇ ಎಲ್ಲಾ ನಿಂತಿರೋದು.”

“ಅದನ್ನೇ ನಾನೂ ಕೇಳೋದು. ಒಂದು ಫ್ಯಾನು ನಿಂತ್ರೆ ಹೆದರಿ ಓಡೋರನ್ನ ನಂಬಿ ಅಷ್ಟು ದೂರ ಸಂಸಾರ ಕಳಿಸ್ತೀರಾ? ಅವರಿಗೆ ಬೇಜಾರಾದ್ರೆ? ಸತ್ತೋದ್ರೆ? ಅವರ ಮಕ್ಕಳು ನಮಗೆ ಬೇಡ ಅಂದ್ರೆ?”

“ಸರ್ಕಾರ ಮಾತ್ರ ನಿಮ್ಮನ್ನ ಕೈ ಬಿಡಲಿಲ್ವಾ? ನೀವೇ ಹೇಳ್ತಿದ್ರಲ್ಲ.”

“ಬಿಡ್ತು. ನಡುನೀರಲ್ಲಿ ಬಿಡ್ತು. ಆದ್ರೆ ನಂಗೆ ಸ್ಟೇಷನ್ನಿತ್ತು, ರೈಲಿತ್ತು. ಇಳಿದ ಕಡೆ ಗಾಳಿ ಬಿಟ್ಟಿ ಇತ್ತು.” ಅವಳು ಕಾಗದವನ್ನು ಅವನ ಕಡೆ ನೂಕಿದಳು. “ಫ್ಯಾನು ನಿಂತಿತ್ತು ಅಂತ ಬರೀ. ಷರತ್ತು ಮುರಿದೆ ಅಂತಲೂ ಬರೀ. ಎರಡಕ್ಕೂ ರುಜು ಹಾಕ್ತೀನಿ.”

“ಅದನ್ನ ಬರೆದ್ರೆ ಮೋಟಾರು ಬರಲ್ಲ.”

“ಗೊತ್ತು ಕಣಪ್ಪಾ. ಕಿವುಡಿಯಲ್ಲ ನಾನು.”

ಅವನು ಬೇರೊಂದು ಹಾಳೆ ತೆಗೆದು, ಜೀಪಿನ ಮೂತಿಯ ಮೇಲಿಟ್ಟು ಅವಳು ಹೇಳಿದಂತೆಯೇ ಬರೆದ. ರುಜು ಹಾಕಿಸಿಕೊಂಡು, ಚಹಾಕ್ಕೂ ನಿಲ್ಲದೆ ಹೊರಟುಹೋದ. ಚೆಲುವ ಬೀದಿಯಲ್ಲೇ ನಿಂತು ಹದಿನಾಲ್ಕು ಮನೆಗೂ ಕೇಳುವಂತೆ ಕೂಗಾಡಿದ. “ಯಾವನೋ ಪರ ಊರಿನವನಿಗೋಸ್ಕರ ನಮ್ಮ ನೀರು ಕಳೆದಳು! ಇನ್ನು ಈ ಮನೆ ಹೊಸಲು ತುಳಿದ್ರೆ ಕೇಳಿ!” ಅವನ ಮಾತಿನಲ್ಲಿ ತಪ್ಪೇನಿದೆ ಎಂದು ಅವಳಿಗೇ ಅನ್ನಿಸಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ದಾರ್ಖಾನನ ಮೇಲೆ, ಮಾರೆಕ್‌ನ ಮೇಲೆ, ತನ್ನ ಮನೆಯ ಬಾಗಿಲನ್ನು ಆ ದಿಬ್ಬದ ಕಡೆಗೇ ಇಟ್ಟು ಕಟ್ಟಿದ ಮಾವನ ಮೇಲೆ.

ಗುರುವಾರ ಬೆಳಗ್ಗೆ ಮೋಟಾರು ಸುಟ್ಟ ವಾಸನೆ ಕೊಟ್ಟು ನಿಂತಿತು. ಬೈಗುಳಕ್ಕೂ ಗುದ್ದಿಗೂ ಏಳಲಿಲ್ಲ. ಗಂಡ ಅಟ್ಟದ ಮೇಲೆ ಇಟ್ಟಿದ್ದ ತೊಗಲಿನ ಬಾನಿ, ಹಗ್ಗ ಇಳಿಸಿ, ಒಂಟೆಗೆ ಕಟ್ಟಿ ಕಪಿಲೆ ಹೊಡೆದಂತೆ ನೀರೆತ್ತಲು ಹೊರಟಳು. ಬಾನಿ ಬಗ್ಗಿಸುವುದೋ ಒಂಟೆ ನಡೆಸುವುದೋ? ಒಬ್ಬಳಿಂದ ಆಗುವ ಕೆಲಸವಲ್ಲ ಅದು. ಊರವರು ಯಾರೂ ಬರಲಿಲ್ಲ.

ಅಷ್ಟರಲ್ಲಿ ದಿಬ್ಬದ ಕಡೆಯಿಂದ ಮಾರೆಕ್ ನಡೆದು ಬಂದ. ಮೂಟೆ ಇಲ್ಲ, ಬುರುಡೆ ಇಲ್ಲ, ಬರಿ ಅಂಗಿ, ಹೆಗಲಿಗೆ ಚೀಲ.

“ಆ ಉಡುಪು ಹಾಕಲ್ಲ ಅಂದೆ. ಹೊರಗೆ ಹಾಕಿದ್ರು. ಸಂಜೆ ಜೀಪು ಸ್ಟೇಷನ್ನಿಗೆ ಬಿಡುತ್ತೆ.”

“ಮೋಟಾರು ರಿಪೇರಿ ಬರುತ್ತಾ?”

“ಇಲ್ಲ. ನಾನು ಕಲ್ಲುಗಳ ಬಗ್ಗೆ ಓದಿದವನು.”

“ಕಲ್ಲು! ಊರು ಕಟ್ಟೋಕೆ ಹೊರಟೋರು! ಒಬ್ಬನಿಗಾದ್ರೂ ಕೈಕೆಲಸ ಬರಬಾರದಾ?” ಹಗ್ಗವನ್ನು ಅವನ ಕೈಗೆ ಕೊಟ್ಟು, ಒಂಟೆಯ ಮೂಗುದಾರ ತೋರಿಸಿದಳು. “ಇದರ ಜೊತೆ ನಡಿ. ನಿಲ್ಲು ಅಂದಾಗ ನಿಲ್ಲು. ಅಷ್ಟು ಬರುತ್ತಲ್ಲ?”

ಮೊದಲ ಮೂರು ಬಾನಿಯ ಅರ್ಧ ನೀರು ಬಾವಿಗೇ ಚೆಲ್ಲಿತು. ನಾಲ್ಕನೆಯದು ತುಂಬಿ ಬಂತು. ಐದನೆಯದನ್ನು ತೊಟ್ಟಿಗೆ ಬಗ್ಗಿಸುವಾಗ ಚೆಲುವ ಎರಡು ಡಬ್ಬ ಹಿಡಿದು ದೂರದಲ್ಲೇ ನಿಂತಿದ್ದ.

“ಹೊಸಲು ತುಳಿಯಲ್ಲ ಅಂದಿದ್ದೆ. ಬಾವಿಗೆ ಹೊಸಲಿಲ್ಲ,” ಎಂದ.

“ಡಬ್ಬ ಕೆಳಗಿಡು, ಚೆಲುವಾ. ಬಂದು ಬಾನಿ ಹಿಡಿ. ನನ್ನ ಕೈ ಬಿದ್ದು ಹೋಗ್ತಿದೆ.”

ಅವನು ಬೈಯುತ್ತಲೇ ಬಂದು ಬಾನಿಗೆ ಕೈ ಹಾಕಿದ. ಅಂದು ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತು ಒಂಟೆಗಳಲ್ಲಿ ಮೂವತ್ತಕ್ಕೆ ನೀರಾಯಿತು. ಮಿಕ್ಕವು ತೊಟ್ಟಿಯ ಸುತ್ತ ಅರಚುತ್ತಾ ನಿಂತಿದ್ದವು.