ಎಡಗಡೆ ನಟ, ಬಲಗಡೆ ಬರಹಗಾರ್ತಿ

ಚಲನಚಿತ್ರೋತ್ಸವದ ಅತಿಥಿಗಳನ್ನು ಸಭೆಗೆ ಪರಿಚಯಿಸುವವರಿಗೆ ನಮ್ಮೂರಲ್ಲಿ ಕಂಚು ಸಾರ್ ಎಂದೇ ಹೆಸರು. ಕಂಠ ಕಂಚಿನದು, ಅದಕ್ಕೆ. ರೇಡಿಯೊದಲ್ಲಿ ವಾರ್ತೆ ಓದಿ ನಿವೃತ್ತರಾದವರು. ತಮ್ಮ ಬಗ್ಗೆ ಎರಡು ಮಾತು ಹೇಳಿ ಎಂದರೆ ತಡವರಿಸುವ ಈ ಮನುಷ್ಯ, ಯಾವುದೋ ನಟನ ಬಾಳನ್ನು ಮೊದಲ ಪಾತ್ರದಿಂದ ಮೊನ್ನೆಯ ಪ್ರಶಸ್ತಿಯವರೆಗೆ ಕಾಗದ ಮುಟ್ಟದೆ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದರು. ಸೋತ ಚಿತ್ರಗಳನ್ನು ಮಾತ್ರ ಮೆಲ್ಲಗೆ ದಾಟಿಬಿಡುತ್ತಿದ್ದರು. ಅತಿಥಿಗಳಿಗೂ ಅದೇ ಬೇಕು.

ಕಾಗದವಿಲ್ಲದ ಮಾತನ್ನು ಜನ ವಿದ್ವತ್ತು ಎಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ಈಚೆಗೆ ಅವರಿಗೆ ಕಾಗದವೇ ಕಾಣುತ್ತಿರಲಿಲ್ಲ. ಕಣ್ಣು ಮಸುಕಾಗುತ್ತ ಬಂದು, ನಾಲ್ಕು ಹೆಜ್ಜೆ ಆಚೆ ಕೂತವರು ಗಂಡೋ ಹೆಣ್ಣೋ ತಿಳಿಯದಂತಾಗಿತ್ತು. ವೈದ್ಯರು ಕೈಚೆಲ್ಲಿದ್ದರು. ಈ ಗುಟ್ಟು ಗೊತ್ತಿದ್ದವರು ಹೆಂಡತಿ, ಮತ್ತೆ ಸಭಾಂಗಣದಲ್ಲಿ ಮೈಕು ನೋಡಿಕೊಳ್ಳುವ ಬಾಮೈದ.

"ಹೇಳಿಬಿಡಿ ಅಂದ್ರೆ. ಕದ್ದಿದ್ದೀರಾ, ಕೊಂದಿದ್ದೀರಾ?" ಎಂದು ಹೆಂಡತಿ ರೇಗುತ್ತಿದ್ದರು.

"ಹೇಳಿದ್ರೆ 'ಅಯ್ಯೋ ಪಾಪ' ಅಂತಾರೆ ಕಣೆ. ಆಮೇಲೆ ಮೈಕ್ ಹತ್ರಾನೂ ಬಿಡಲ್ಲ. ಮೈಕ್ ಹೋದ್ರೆ ನಾನು ಬರೀ ನಿನ್ನ ಗಂಡ."

"ಅದೇನು ಸಣ್ಣ ಕೆಲಸಾನಾ?"

ನಗುತ್ತಿದ್ದರು. ಆದರೆ ಉತ್ಸವ ಹತ್ತಿರ ಬಂದಂತೆ ಕಂಚು ಸಾರ್‌ಗೆ ಊಟ ಸೇರುತ್ತಿರಲಿಲ್ಲ. ಹೆಂಡತಿ ತರಕಾರಿ ಹೆಚ್ಚುತ್ತ ಅತಿಥಿಗಳ ವಿವರ ಓದಿ ಹೇಳುವುದು, ಇವರು ಬಾಗಿಲಿಗೊರಗಿ ಬಾಯಿಪಾಠ ಮಾಡುವುದು. ಈ ಸಲ ಇಬ್ಬರು ಅತಿಥಿಗಳು: ಕತ್ತಿವರಸೆಗೆ ಹೆಸರಾದ ಹಳೆಯ ನಾಯಕ ನಟ, ಅವರ ಚಿತ್ರಗಳಿಗೆ ಕಥೆ, ಮಾತು ಬರೆದ ವೃದ್ಧೆ. ವೇದಿಕೆಯಲ್ಲಿ ಯಾರೆಲ್ಲಿ ಕೂರುತ್ತಾರೆಂದು ಬಾಮೈದ ಮೊದಲೇ ವಿಚಾರಿಸಿ ತಿಳಿಸಿದ್ದ. "ಎಡಗಡೆ ನಟ, ಬಲಗಡೆ ಬರಹಗಾರ್ತಿ" ಎಂದು ಕಂಚು ಸಾರ್ ಸ್ನಾನ ಮಾಡುವಾಗಲೂ ಗೊಣಗುತ್ತಿದ್ದರು.

ಅತಿಥಿಗಳು ತಡವಾಗಿ ಬಂದು ನೇರ ವೇದಿಕೆ ಹತ್ತಿದರು. ಫೋಟೊದವರಿಗೆ ತಮ್ಮ ಬಲಗೆನ್ನೆಯೇ ಕಾಣಬೇಕೆಂದು ನಟರ ಹಠ. ಸನ್ನೆ ಮಾಡಿ ಆ ಮುದುಕಿಯನ್ನು ಎಬ್ಬಿಸಿ ಜಾಗ ಬದಲಾಯಿಸಿಕೊಂಡರು. ಇಂಥವರ ಕೆನ್ನೆಗೆ ನಾನಾದರೆ ಬೇರೆಯದೇ ಮರ್ಯಾದೆ ಮಾಡುತ್ತಿದ್ದೆ. ಸಭಾಂಗಣದ ಕೊನೆಯಲ್ಲಿ, ಮೈಕಿನ ಗುಂಡಿಗಳ ಮುಂದೆ ಕೂತಿದ್ದ ಬಾಮೈದ ಇದನ್ನು ಕಂಡು ದಡಕ್ಕನೆ ಎದ್ದ. ಓಡಿಹೋಗಿ ಹೇಳೋಣವೆಂದರೆ ನಡುವೆ ಕಿಕ್ಕಿರಿದ ಜನ. ಅಷ್ಟರಲ್ಲಿ ಭಾವನ ಕೈ ಎಡಕ್ಕೆ ಚಾಚಿಯಾಗಿತ್ತು.

"ಒಂದೇ ಬೀಸಿಗೆ ಹತ್ತು ಜನರನ್ನು ಉರುಳಿಸಿದ ಈ ಬಾಹುಗಳನ್ನು ನೋಡಿ! ಈ ಮೀಸೆಗೆ ಮನಸೋಲದ ಹೆಣ್ಣುಂಟೆ?"

ಕಡ್ಡಿಯಂಥ ಮುದುಕಿ ಕನ್ನಡಕ ಸರಿಮಾಡಿಕೊಂಡು ಅವರನ್ನೇ ನೋಡಿದರು. ಸಭೆ ಬಿದ್ದು ಬಿದ್ದು ನಕ್ಕಿತು.

ತಮಾಷೆಗೇ ಹೇಳಿದರೆಂದು ಜನ ಭಾವಿಸಿದ್ದರು. ಕಂಚು ಸಾರ್‌ಗೆ ಅದು ತಿಳಿಯಬೇಕಲ್ಲ! ಮೈಕಿನ ಕಂಬ ಹಿಡಿದುಕೊಂಡರು. ಇನ್ನೊಂದು ಮಾತು ಹೊರಬಿದ್ದರೆ ಗುಟ್ಟು ರಟ್ಟಾಗುತ್ತದೆಂದು ಹೆದರಿ ಬಾಮೈದ ಮೈಕನ್ನೇ ನಿಲ್ಲಿಸಿಬಿಟ್ಟ. ನಗುವಿನ ಗದ್ದಲದಲ್ಲಿ ಭಾವನ ತುಟಿ ಆಡುವುದು ಮಾತ್ರ ಅವನಿಗೆ ಕಂಡಿತು. ಬರಹಗಾರ್ತಿ ಎದ್ದು ಬಂದು ಅವರ ಮೊಣಕೈ ಹಿಡಿದು, ಕಿವಿಯಲ್ಲಿ ಏನೋ ಹೇಳಿ, ಬಲಕ್ಕೆ ತಿರುಗಿಸಿದರು. ಬಾಮೈದ ಗುಂಡಿ ಒತ್ತಿದ. ಮೈಕು ಬಂತೆಂದು ಜನ ಚಪ್ಪಾಳೆ ಹೊಡೆದರು. ಆಮೇಲೆ ಕಂಚು ಸಾರ್ ಇಬ್ಬರನ್ನೂ ಪರಿಚಯಿಸಿದ್ದು ಎಷ್ಟು ಚೆನ್ನಾಗಿತ್ತೆಂದರೆ, ಅಂಥ ಧ್ವನಿ ನಾನು ಮತ್ತೆ ಕೇಳಿಲ್ಲ.

ಸಭೆ ಮುಗಿದು ಹೊರಗೆ ಬರುವಾಗ ಅವರು ಬಾಮೈದನ ಭುಜ ಹಿಡಿದು ಮಗುವಿನಂತೆ ನಗುತ್ತಿದ್ದರು. "ಹೇಳಿಬಿಟ್ಟೆ ನೋಡು! 'ನನಗೆ ಕಣ್ಣು ಕಾಣ್ಸಲ್ಲ, ತಪ್ಪಾಯ್ತು, ಕ್ಷಮಿಸಿ' ಅಂತ ಎಲ್ಲರ ಮುಂದೆ ಹೇಳಿಬಿಟ್ಟೆ. ಒಬ್ಬರಾದ್ರೂ ಅಯ್ಯೋ ಪಾಪ ಅಂದ್ರಾ? ಚಪ್ಪಾಳೆ ಹೊಡೆದ್ರು ಕಣಯ್ಯ! ಇಷ್ಟು ದಿನ ಸುಮ್ಮನೆ ಸತ್ತೆ."

"ಭಾವ, ಆ ಮೈಕು..." ಎಂದು ಬಾಮೈದ ಹೇಳುವಷ್ಟರಲ್ಲಿ ಉತ್ಸವದ ಕಾರ್ಯದರ್ಶಿ ಓಡಿಬಂದರು.

"ಸಾರ್, ಏನು ತಮಾಷೆ ಮಾಡಿದ್ರಿ! ಮುದುಕಿಗೆ ಮೀಸೆ! ಮಧ್ಯದಲ್ಲಿ ಹಾಳು ಮೈಕು ಕೈಕೊಡ್ತು. ನೀವೇನೋ ಹೇಳ್ತಿದ್ರಿ, ಯಾರಿಗೂ ಕೇಳಿಸ್ಲೇ ಇಲ್ಲ. ಏನು ಸಾರ್ ಅದು?"

ಕಂಚು ಸಾರ್ ಮುಖದ ನಗು ಹಾಗೇ ನಿಂತಿತು. ಭುಜದ ಮೇಲಿದ್ದ ಬೆರಳುಗಳು ಬಿಗಿಯಾದವು. ಬಾಮೈದ ಅವರ ಬಾಯನ್ನೇ ನೋಡಿದ.

"ಏನಿಲ್ಲ" ಎಂದರು. "ಎಲ್ಲರಿಗೂ ನಮಸ್ಕಾರ ಹೇಳ್ತಿದ್ದೆ."

"ನಾಳೆ ಐದು ಜನ ಅತಿಥಿಗಳು ಸಾರ್. ಕುರ್ಚಿ ಬೇಡ ಅಂದಿದ್ದಾರೆ, ಓಡಾಡ್ತಾನೇ ಮಾತಾಡ್ತಾರಂತೆ. ಬೇಗ ಬಂದುಬಿಡಿ."

"ಆಯ್ತು" ಎಂದರು ಕಂಚು ಸಾರ್. ಆ ಕಂಚಿನ ಕಂಠದಿಂದ ಅಷ್ಟು ಸಣ್ಣ ದನಿ ಹೊರಟದ್ದನ್ನು ಬಾಮೈದ ಎಂದೂ ಕೇಳಿರಲಿಲ್ಲ.