ಒಳಮಡಿಕೆಯ ಮುಖ
ಚುನಾವಣೆ ಬಂತೆಂದರೆ ಇಂಗ್ಲೆಂಡಿನ ನಮ್ಮ ಬಾರ್ನ್ಸ್‌ಲಿ ಊರಿನಲ್ಲಿ ಮನೆಮನೆಯ ಬಾಗಿಲು ಬಡಿಯುವವರು ಪಕ್ಷದ ಹಳೆಯ ಕಾರ್ಯಕರ್ತ ಕ್ಲಿಫರ್ಡ್ ಹೆಪ್‌ವರ್ತ್. ನಲವತ್ತು ವರ್ಷದಿಂದ ಅದೇ ಕೋಟು, ಅದೇ ಕೆಮ್ಮು. ಮೊದಲೆಲ್ಲ ಪಕ್ಷದ ನಾಯಕನ ಚಿತ್ರವನ್ನು ಎದೆಗವಚಿಕೊಂಡು ಬರುತ್ತಿದ್ದವರು ಈಗ ಅವನ ಮುಖ ಒಳಗಾಗುವಂತೆ ಕರಪತ್ರ ಮಡಿಚಿ ಕೊಡುತ್ತಾರೆ. ಪಕ್ಕದ ಮನೆಯ ಡೋರೀನ್, "ನಿಮ್ಮೋನು ಟೀವೀಲಿ ಬಂದ್ರೆ ನಮ್ಮ ನಾಯೀನೂ ಎದ್ದೋಗತ್ತೆ, ಕ್ಲಿಫ್" ಎಂದರೆ, "ಎದುರು ಪಕ್ಷದೋನು ಬಂದ್ರೆ ಬೆಕ್ಕೂ ಓಡೋಗತ್ತಲ್ಲಮ್ಮ, ಏನ್ ಮಾಡೋಣ ಹೇಳು" ಎನ್ನುತ್ತಾರೆ. ಆಮೇಲೆ ಗೇಟಿನಾಚೆ ನಿಂತು, ಮತದಾರರ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆಯೂ 'ನಮ್ಮವರು', 'ಅವರವರು', 'ಅನುಮಾನ' ಎಂದು ಪ್ರಾಮಾಣಿಕವಾಗಿ ಬರೆದುಕೊಳ್ಳುತ್ತಾರೆ. ನಿನ್ನೆ ನಮ್ಮಲ್ಲಿ ಚಹಾ ಕುಡಿದು ಆ ಪಟ್ಟಿಯನ್ನು ಮರೆತುಹೋದರು. ನಾನು ಅದರ ಹಾಳೆಗಳನ್ನು ತಿರುವಿ ನೋಡಿದೆ. ಕ್ಲಿಫರ್ಡ್ ಹೆಪ್‌ವರ್ತ್ ಎಂಬ ಹೆಸರಿನ ಮುಂದೆ, ಅವರದೇ ನಡುಗುವ ಅಕ್ಷರದಲ್ಲಿ, 'ಅನುಮಾನ' ಎಂದಿತ್ತು.