ಬಂದೂಕಿನ ಮರಕ್ಕೆ ತೋಳಿನ ಅಳತೆ

ತೊಂಬತ್ತರ ದಶಕದ ಕೊನೆ. ಬೆಳಗಿನ ಹೊತ್ತು ಕೆ.ಆರ್. ಪುರದಿಂದ ಇಂದಿರಾನಗರದ ಕಡೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೂ ನನ್ನ ಪಕ್ಕದ ಸೀಟು ಖಾಲಿ. ನಾನು ಬ್ಯಾಂಕೊಂದರ ಗನ್‌ಮ್ಯಾನ್. ತೀರಿಹೋದ ಅಪ್ಪನ ಜೋಡುನಳಿಗೆ ಬಂದೂಕನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂರುತ್ತಿದ್ದೆ. ಗದಗದ ಕಡೆಯಿಂದ ಬಂದು ನಾಲ್ಕು ವರ್ಷವಾಗಿತ್ತು, ಬಾಡಿಗೆ ಕೋಣೆಯಲ್ಲಿ ಒಬ್ಬನೇ. ಬ್ಯಾಂಕಿನ ಬಾಗಿಲಲ್ಲಿ ತಾಯಂದಿರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನನ್ನು ದಾಟುತ್ತಿದ್ದರು. ಮಾತಾಡಿಸಿದರೆ ಗುಂಡು ಹಾರಿಸುತ್ತೇನೆ ಅಂದುಕೊಂಡಿದ್ದರೋ ಏನೋ. ಆ ಬಂದೂಕನ್ನು ನಾನು ಒಮ್ಮೆಯೂ ಹಾರಿಸಿರಲಿಲ್ಲ.

ಒಂದು ದಿನ ಬಸ್ಸಿಳಿಯುವಾಗ ಅದು ಕೈಜಾರಿ ಬಿತ್ತು. ಭುಜಕ್ಕೆ ಆನಿಸುವ ಮರದ ಭಾಗ ಟ್ರಿಗರಿನ ಹಿಂದೆ ತೆಳ್ಳಗಾಗುವ ಕಡೆ ಸೀಳಿಹೋಯಿತು. ನಮ್ಮ ಮನೆಯಲ್ಲಿ ಆ ಮರದ ಭಾಗಕ್ಕೆ ಹಿಡಿ ಅನ್ನುತ್ತಿದ್ದೆವು. "ಬಟ್ ಒಡ್ಕೊಂಡ್ ಬಂದಿದ್ದೀರಲ್ರೀ, ಮೊದ್ಲು ರಿಪೇರಿ ಮಾಡ್ಸಿ" ಎಂದರು ಮ್ಯಾನೇಜರು. ಶಿವಾಜಿನಗರದ ಬಂದೂಕಿನ ಅಂಗಡಿಯವರು ರಸೀದಿಯಲ್ಲಿ ಸ್ಟಾಕ್ ಎಂದು ಬರೆದರು. ಹಿಂದಿನ ಕೋಣೆಯಲ್ಲಿದ್ದ ವಯಸ್ಸಾದ ಬಡಗಿ ಸೀಳಿನ ಮೇಲೆ ಬೆರಳಾಡಿಸಿ, "ಕುಂದಾ ಹೋಗಿದೆ" ಎಂದರು. ಒಂದು ಮರದ ತುಂಡಿಗೆ ಇಷ್ಟೊಂದು ಹೆಸರು. ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು. ಈ ಊರಲ್ಲಿ ನನ್ನನ್ನು ಎಲ್ಲರೂ ಗನ್‌ಮ್ಯಾನ್ ಎಂದಷ್ಟೇ ಕರೆಯುತ್ತಿದ್ದರು.

"ಕೈ ಮಡಚಿ ಸಾಬ್" ಎಂದರು ಬಡಗಿ. ನನ್ನ ಮೊಣಕೈ ಹಿಡಿದು, ಮರದ ತುದಿಯನ್ನು ಒಳಮಡಿಕೆಗೆ ಒತ್ತಿ, ತೋರುಬೆರಳನ್ನು ಟ್ರಿಗರಿಗೆ ಮುಟ್ಟಿಸಲು ನೋಡಿದರು. ಎಟುಕಲಿಲ್ಲ.

"ಇದು ನಿಮ್ ಅಳತೆ ಅಲ್ಲ."

"ನಮ್ಮಪ್ಪಂದ್ರೀ. ಅವನ ತೋಳು ಉದ್ದ ಇದ್ದವು."

ದಾರ ಹಿಡಿದು ಮತ್ತೆ ಅಳೆದರು. ಅವರ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು, ಅಗಸೆ ಎಣ್ಣೆಯ ವಾಸನೆ ಬರುತ್ತಿತ್ತು. ಊರು ಬಿಟ್ಟ ಮೇಲೆ, ಕ್ಷೌರದವನನ್ನು ಬಿಟ್ಟರೆ, ಯಾರೂ ನನ್ನನ್ನು ಹೀಗೆ ಮುಟ್ಟಿರಲಿಲ್ಲ ಎಂದು ಆಗ ಹೊಳೆಯಿತು.

"ಹಳೇದಕ್ಕೇ ಅಂಟ್ ಹಾಕಿ ಕೊಡ್ಲಾ? ಸಂಜೆಗೇ ಆಗ್ತದೆ. ಹೊಸದಾದ್ರೆ ಇನ್ನೊಂದ್ ಸಲ ಬರ್ಬೇಕು, ಕೈಗೆ ಕೂರಿಸಿ ನೋಡ್ಬೇಕು."

ಅಪ್ಪನ ಕೆನ್ನೆ ತಾಗಿ ತಾಗಿ ಆ ಮರ ಒಂದು ಕಡೆ ನುಣುಪಾಗಿತ್ತು. ಅದನ್ನು ಬಿಡಲು ಯಾವ ಮಗನಿಗೂ ಮನಸ್ಸು ಬರಬಾರದು. "ಹೊಸಾದೇ ಮಾಡ್ರಿ" ಎಂದೆ.

ಶನಿವಾರ ಹೋದಾಗ ಎಲ್ಲ ಮುಗಿದಿತ್ತು. "ದಾರ ಇತ್ತಲ್ಲ ಸಾಬ್, ಅಳತೆ ಸರಿಯಾಗ್ ಬಂತು. ತಗೊಂಡ್ ಹೋಗಿ" ಎಂದು ಬಡಗಿ ಕೌಂಟರಿನ ಆಚೆಯಿಂದಲೇ ಬಂದೂಕು ಕೊಟ್ಟರು. ಭುಜಕ್ಕೆ ಏರಿಸಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ಸಹಿ ಹಾಕಿ ಹೊರಡುವುದಷ್ಟೇ ಬಾಕಿ.

"ಚಾಚಾ, ಸ್ವಲ್ಪ ಉದ್ದ ಆದಂಗೈತಿ" ಎಂದೆ. ಕಿವಿ ಬಿಸಿಯಾಯಿತು.

ಅವರು ನನ್ನ ಮುಖ ನೋಡಿದರು. ಕೌಂಟರು ಬಳಸಿ ಈಚೆ ಬಂದು, ಮೊಣಕೈ ಹಿಡಿದು, ಮರವನ್ನು ಮಡಿಕೆಗೆ ಒತ್ತಿದರು. ನನ್ನ ಬೆರಳು ಟ್ರಿಗರಿನ ಮೇಲೇ ಇತ್ತು. ಇಬ್ಬರೂ ಅದನ್ನು ನೋಡಿದೆವು.

"ಹೌದು" ಎಂದರು, ಕೈ ಬಿಡದೆ. "ಒಂದ್ ಕೂದ್ಲಷ್ಟು ಉದ್ದ ಇದೆ. ಮುಂದಿನ್ ಶನಿವಾರ ಬನ್ನಿ, ಇನ್ನೊಂದ್ ಸಲ ಅಳೆಯೋಣ."